ಸೊನ್ನೆಯಲ್ಲಿ ನಿಂತ ಮುಳ್ಳು

ನಾಗಿಂದ್ರಮ್ಮನ ಖಡಕ್ ರೊಟ್ಟಿಯೊಂದು ಕೈತಪ್ಪಿ ಚಂದ್ರನ ಮೇಲೆ ಬಿದ್ದಾಗ ಅಲ್ಲಿ ಹದಿನೆಂಟು ಮೈಲಿ ಅಗಲದ ಗುಂಡಿಯಾಯಿತು. ರೊಟ್ಟಿಯ ಅಂಚು ಮಾತ್ರ ಮುಕ್ಕಾಗಲಿಲ್ಲ. ಇದನ್ನು ಕಣ್ಣಾರೆ ಕಂಡವನು ಸಾಯಬಣ್ಣ. ಅವನು ಕಲಬುರಗಿ ಜಿಲ್ಲೆಯ ಗಡಿ ದಾಟಿದ್ದೇ ಎರಡು ಸಲ, ಅದರಲ್ಲೂ ಒಂದು ಸಲ ಬಸ್ಸಿನಲ್ಲಿ ನಿದ್ದೆ ಹತ್ತಿ ಇಳಿಯಬೇಕಾದ ಊರು ಹಿಂದೆ ಉಳಿದದ್ದರಿಂದ ಎಂದು ಆಗದವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮಾರಾಟದ ಕೆಲಸ ಮಾಡುವವನಿಗೆ ಕಣ್ಣು ಎರಡೇ ಇದ್ದರೆ ಸಾಲುವುದಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ಸಾಯಬಣ್ಣ ನಾಗಿಂದ್ರಮ್ಮನ ರೊಟ್ಟಿ ಕಾರ್ಖಾನೆಯ ಮಾರಾಟಗಾರ. ಶಹಾಬಾದ್ ರಸ್ತೆಯ ತಗಡಿನ ಶೆಡ್ಡಿನಲ್ಲಿ ಅರವತ್ತೆರಡು ವಿದ್ಯುತ್ ಒಲೆ, ಅರವತ್ತೆರಡು ಹೆಂಗಸರು. ಅವರು ಒಟ್ಟಿಗೆ ಜೋಳದ ಹಿಟ್ಟು ಬಡಿಯುವ ಸದ್ದಿಗೆ ಆಳಂದದಲ್ಲಿ ನವಿಲುಗಳು ಮಳೆ ಬಂತೆಂದು ಕುಣಿಯುತ್ತಿದ್ದವು. ಬೇಯಿಸಿ, ಒಣಗಿಸಿ, ಕಾಗದದಷ್ಟು ತೆಳ್ಳಗಾದ ಆ ರೊಟ್ಟಿಯನ್ನು ಡಬ್ಬಿಯಲ್ಲಿಟ್ಟರೆ ಆರು ತಿಂಗಳು ಕೆಡುತ್ತಿರಲಿಲ್ಲ. ಸಾಯಬಣ್ಣನ ಬಾಯಲ್ಲಿ ಅದು ಅರವತ್ತು ವರ್ಷ.

ಆದರೆ ಆ ವರ್ಷ ಬಡಾಯಿಯೂ ಬತ್ತುವಂಥ ಕಷ್ಟ ಬಂದಿತ್ತು. ದೊಡ್ಡ ಕಂಪನಿಯೊಂದರ ಯಂತ್ರ ನಿಮಿಷಕ್ಕೆ ಇನ್ನೂರು ರೊಟ್ಟಿ ಒತ್ತಿ ಒಗೆಯುತ್ತಿತ್ತು. ತಿಂದರೆ ರಟ್ಟಿನ ರುಚಿ. ಆದರೂ ಅಂಗಡಿಗಳ ತುಂಬ ಅದೇ. ಹೊಸದೊಂದು ದೊಡ್ಡ ಆರ್ಡರು ಸಿಗದಿದ್ದರೆ ಯುಗಾದಿಯ ಹೊತ್ತಿಗೆ ಅರ್ಧದಷ್ಟು ಒಲೆ ಆರಿಸಬೇಕಾಗುತ್ತದೆ ಎಂದು ನಾಗಿಂದ್ರಮ್ಮ ಹೆಂಗಸರ ಎದುರಿಗೇ ಹೇಳಿಬಿಟ್ಟಿದ್ದಳು. ಮುಚ್ಚಿಡುವ ಹೆಂಗಸಲ್ಲ ಅವಳು. ಮೂವತ್ತೊಂದು ಒಲೆ ಎಂದರೆ ಮೂವತ್ತೊಂದು ಮನೆ.

ಅಂಥ ಹೊತ್ತಿನಲ್ಲಿ ಚಂದ್ರನಿಂದ ಕರೆ ಬಂತು.

ಚಂದ್ರನ ದಕ್ಷಿಣ ತುದಿಯಲ್ಲಿ ಹಿಮ ಅಗೆಯುವ ಮುನ್ನೂರು ಜನರ ಶಿಬಿರ ಎದ್ದು ಒಂಬತ್ತು ವರ್ಷವಾಗಿತ್ತು. ಅಲ್ಲಿ ನೀರು ಬಲು ದುಬಾರಿ. ಅನ್ನ ಬೇಯಿಸಿದರೆ ನೀರಿನ ನಷ್ಟ, ಹಸಿ ಬ್ರೆಡ್ಡು ಒಯ್ದರೆ ಬೂಷ್ಟು. ನೀರನ್ನೇ ಕೇಳದೆ ತಿಂಗಳುಗಟ್ಟಲೆ ಗರಿಗರಿಯಾಗಿ ಕೂರುವ ಅನ್ನಪೂರ್ಣೆ ಯಾರು? ಖಡಕ್ ರೊಟ್ಟಿ. ಇದನ್ನು ಕಂಡುಹಿಡಿಯಲು ವಿಜ್ಞಾನಿಗಳಿಗೆ ಒಂಬತ್ತು ವರ್ಷ ಬೇಕಾಯಿತು. ಸಾಯಬಣ್ಣನನ್ನು ಕೇಳಿದ್ದರೆ ಒಂಬತ್ತು ಸೆಕೆಂಡಿನಲ್ಲಿ ಹೇಳುತ್ತಿದ್ದ.

ತೊಡಕು ಒಂದೇ. ಹಿಂದೆ ಬ್ರೆಡ್ಡು ಕಳಿಸುತ್ತಿದ್ದ ಕಂಪನಿಯಲ್ಲಿ ಕೆಲಸಗಾರರು ಕೆಲಸ ನಿಲ್ಲಿಸಿ, ಶಿಬಿರದವರು ನಲವತ್ತೊಂದು ದಿನ ಪಾಚಿಯ ಅಂಬಲಿ ಕುಡಿದಿದ್ದರು. ಆಮೇಲೆ ಖರೀದಿ ಕಚೇರಿ ಒಂದು ನಿಯಮ ತಂದಿತು: ಚಂದ್ರನಿಗೆ ಊಟ ಕಳಿಸುವ ಪ್ರತಿ ಮಾಲೀಕರೂ ಬೀದರಿನ ಪ್ರಯೋಗಾಲಯದಲ್ಲಿ ಒಲವುಮಾಪಕದ ಎದುರು ಕೂರಬೇಕು. ವ್ಯಾಪಾರದ ಕಡೆ ಮನಸ್ಸುಳ್ಳವರಿಗೆ ಮಾತ್ರ ಆರ್ಡರು. ಹಕ್ಕು, ಸ್ವಾತಂತ್ರ್ಯ ಎನ್ನುವವರ ಕಾರ್ಖಾನೆ ಯಾವಾಗ ನಿಂತೀತೋ ಹೇಳಲಾಗದು, ಅವರು ಬೇಡ.

ಅರ್ಜಿ ತುಂಬಿದವನು ಸಾಯಬಣ್ಣ.

ಅರ್ಜಿ ಕಳಿಸಿದ ಮೇಲೆ ಅವನು ನಾಗಿಂದ್ರಮ್ಮನ ಮನೆಗೆ ಹೋದಾಗ ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಜೋಳದ ವ್ಯಾಪಾರಿಯ ಜೊತೆ ಫೋನಿನಲ್ಲಿ ಚೌಕಾಸಿ ನಡೆಸಿದ್ದಳು. ಅವಳ ಚೌಕಾಸಿ ಅಂದರೆ ಅಂತಿಂಥದಲ್ಲ. ಎದುರಿನವನು ಕೊನೆಗೆ ಜೋಳವನ್ನೂ ಕೊಟ್ಟು, ಕ್ಷಮೆಯನ್ನೂ ಕೇಳಿ, ಎತ್ತಿನ ಗಾಡಿಯ ಕಾಲದಲ್ಲಿ ತನ್ನ ಮುತ್ತಜ್ಜ ಹೆಚ್ಚಿಗೆ ತೆಗೆದುಕೊಂಡ ಬೆಲೆಗೂ ಪಶ್ಚಾತ್ತಾಪ ಪಡುತ್ತಿದ್ದ.

"ಫಾರಮ್ಮಿನಾಗ ಏನ್ ಬರ್ದಿ ಸಾಯಬಣ್ಣ?" ಫೋನು ಕೆಳಗಿಟ್ಟು ಕೇಳಿದಳು.

"ಇದ್ದದ್ದ ಬರ್ದೀನ್ರಿ ಅಮ್ಮಾವ್ರ."

"ನೀನು? ಇದ್ದದ್ದು?"

"ಥೋಡೆ ಉಪ್ಪು ಖಾರ ಹಚ್ಚೀನಿ. ಅಡಗಿ ಅಂದ್ಮ್ಯಾಲ ಅಷ್ಟ ಬೇಕಲ್ರಿ."

"ಪರಾತದ ಮಾತು ಬರ್ದಿ ಹೌದಿಲ್ಲೋ?"

ಸಾಯಬಣ್ಣ ಕೆಮ್ಮಿದ. ಪರಾತದ ಮಾತು ಆ ಕಾರ್ಖಾನೆಯ ಪದ್ಧತಿ. ಅರವತ್ತೆರಡು ಹೆಂಗಸರಲ್ಲಿ ಯಾರೇ ಆಗಲಿ, ಹೇಳಲೇಬೇಕಾದದ್ದಿದ್ದರೆ, ಹಿಟ್ಟು ನಾದುವ ತನ್ನ ಪರಾತವನ್ನು ನೆಲಕ್ಕೆ ಬೋರಲು ಹಾಕುತ್ತಿದ್ದಳು. ಆ ಸದ್ದಾದ ಕೂಡಲೇ ಎಲ್ಲ ಒಲೆಗಳೂ ಆರಬೇಕು, ನಾಗಿಂದ್ರಮ್ಮ ಎಲ್ಲಿದ್ದರೂ ಬರಬೇಕು, ಆ ಹೆಂಗಸಿನ ಮಾತು ಮುಗಿಯುವವರೆಗೆ ಒಂದು ರೊಟ್ಟಿಯೂ ಬೇಯಬಾರದು. ಹರೆಯದಲ್ಲಿ ನಾಗಿಂದ್ರಮ್ಮ ಬೇರೆಯವರ ಖಾನಾವಳಿಯಲ್ಲಿ ರೊಟ್ಟಿ ಬಡಿದವಳು. ಜ್ವರದಲ್ಲಿ ಹಂಚಿನ ಮೇಲೆ ಕೈಯಿಟ್ಟುಕೊಂಡ ದಿನವೂ ಅಲ್ಲಿ ಕೆಲಸ ನಿಲ್ಲಿಸುವಂತಿರಲಿಲ್ಲ. ಅಂಗೈಯ ಆ ಕಲೆ ಇನ್ನೂ ಇತ್ತು. ತನ್ನ ಕಾರ್ಖಾನೆಗೆ ಅವಳು ಮಾಡಿದ ಮೊದಲ ಕಾನೂನೇ ಪರಾತದ್ದು.

"ಬರ್ದೀನ್ರಿ," ಎಂದ ಸಾಯಬಣ್ಣ. "ದೊಡ್ಡ ಅಕ್ಷರದಾಗ."

ನಿಜಕ್ಕೂ ಅವನು ಬರೆದದ್ದು ಹೀಗೆ: "ಕೆಲಸ ನಿಲ್ಲಿಸುವ ಹಕ್ಕು ಯಾರಿಗಿದೆ? – ಯಾರಿಗೂ ಇಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನಮ್ಮ ಕಾರ್ಖಾನೆ ಒಂದು ಕ್ಷಣವೂ ನಿಂತಿಲ್ಲ. ಭೂಕಂಪವಾದಾಗಲೂ ನಮ್ಮ ಹೆಂಗಸರು ಬಡಿಯುತ್ತಲೇ ಇದ್ದರು. ಭೂಮಿಯೇ ನಾಚಿ ನಿಂತಿತು."

ಪರೀಕ್ಷೆಯ ದಿನ ಬೆಳಿಗ್ಗೆ ಮೂವರು ಕಾರ್ಖಾನೆಯ ಟೆಂಪೋದಲ್ಲಿ ಬೀದರಿಗೆ ಹೊರಟರು. ನಾಗಿಂದ್ರಮ್ಮ ಮಾದರಿ ರೊಟ್ಟಿಯ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಸಾಯಬಣ್ಣ ಹೊಸ ಕೋಟು ಹಾಕಿದ್ದ. ಟೆಂಪೋ ನಡೆಸುತ್ತಿದ್ದವಳು ಜಗದೇವಿ, ಇಪ್ಪತ್ತಾರರ ಹುಡುಗಿ. ಮೊದಲು ಏಳನೇ ಒಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಹೋದ ವರ್ಷದಿಂದ ಅಂಗಡಿಗಳಿಗೆ ಸರಕು ಮುಟ್ಟಿಸುವುದು ಅವಳ ಕೆಲಸ. ಅವಳು ಗಾಡಿ ಓಡಿಸಿದರೆ ಹುಮನಾಬಾದಿನ ತಿರುವಿನಲ್ಲಿ ಟೆಂಪೋದ ನೆರಳು ಹಿಂದೆ ಉಳಿದು, ಮುಂದಿನ ಊರಿನಲ್ಲಿ ಏದುಸಿರು ಬಿಡುತ್ತ ಬಂದು ಕೂಡಿಕೊಳ್ಳುತ್ತಿತ್ತು.

"ಸಾಯಬಣ್ಣ ಕಾಕಾ, ಚಂದ್ರಾಮನ ಮ್ಯಾಲ ಟೆಂಪೋ ಓಡಸ್ಲಾಕ ಲೈಸನ್ ಬೇಕೇನು?"

"ನಿನಗ್ಯಾಕ ಲೈಸನ್? ನಿನ್ನ ಹಾರನ್ ಕೇಳಿ ಚಂದ್ರಾಮನ ಬಾಜೂಕ ಸರೀತಾನ!"

ನಾಗಿಂದ್ರಮ್ಮ ನಗಲಿಲ್ಲ. ಅವಳ ಕೈಬೆರಳು ಡಬ್ಬಿಯ ಮುಚ್ಚಳದ ಮೇಲೆ ರೊಟ್ಟಿ ಬಡಿಯುತ್ತಿತ್ತು.

ಜಗದೇವಿ ಟೆಂಪೋವನ್ನು ಪ್ರಯೋಗಾಲಯದ ಕಿಟಕಿಯ ಪಕ್ಕ ನಿಲ್ಲಿಸಿ ಅದರಲ್ಲೇ ಕೂತಳು. ಒಳಗೆ ಹೋದ ಇಬ್ಬರನ್ನೂ ಡಾಕ್ಟರ್ ವಿಶ್ವಾರಾಧ್ಯ ಹಂಗರಗಿ ಬರಮಾಡಿಕೊಂಡರು. ಒಲವುಮಾಪಕವನ್ನು ಕಂಡುಹಿಡಿದವರು ಅವರೇ. ಮೆತ್ತಗಿನ ಮಾತಿನ, ಗಾಜಿನಷ್ಟು ಶುಭ್ರವಾದ ಮನುಷ್ಯ. ಕೋಣೆಯ ನಡುವೆ ಒಂದು ಕುರ್ಚಿ, ಅದರ ಮೇಲೆ ತಂತಿಗಳ ಟೊಪ್ಪಿಗೆ, ಎದುರಿಗೆ ಗೋಡೆಯಷ್ಟು ದೊಡ್ಡ ಮುಖಫಲಕ. ಫಲಕದ ಎಡಕ್ಕೆ 'ಹಕ್ಕು', ಬಲಕ್ಕೆ 'ವ್ಯಾಪಾರ', ನಡುವೆ ಸೊನ್ನೆ, ಎರಡೂ ಕಡೆ ಹತ್ತರವರೆಗೆ ಗೆರೆ. ತೋರಲು ಒಂದೇ ಮುಳ್ಳು.

"ಇದು ಬಾಯಿ ಮಾತು ಕೇಳಂಗಿಲ್ಲ," ಎಂದು ವಿವರಿಸಿದರು ಡಾಕ್ಟರು. "ಪರದೆ ಮ್ಯಾಲ ಒಂದೊಂದ ವಾಕ್ಯ ಬರ್ತದ. ಅದು ನಿಮಗ ಮನಸಾರೆ ಒಪ್ಪಿತು ಅಂದ್ರ ಮಿದುಳಿನೊಳಗ ರಕ್ತ ಉಕ್ಕತದ, ಕಣ್ಣಿನ ಪಾಪೆ ಹಿಗ್ಗತದ. ವ್ಯಾಪಾರದ ಮಾತು ಒಪ್ಪಿದ್ರ ಮುಳ್ಳು ಬಲಕ್ಕ, ಹಕ್ಕಿನ ಮಾತು ಒಪ್ಪಿದ್ರ ಎಡಕ್ಕ. ಬಲಕ್ಕ ಆರು ದಾಟಬೇಕು. ದಾಟಿದ್ರ ಆರ್ಡರ್ ನಿಮ್ಮದು."

ಇನ್ನೊಂದು ಪರದೆಯಲ್ಲಿ ಚಂದ್ರನ ಶಿಬಿರದ ಉಗ್ರಾಣದ ಮುಖ್ಯಸ್ಥೆ ಲವೀನಾ ಪಿಂಟೊ ಕಾಣಿಸಿಕೊಂಡಳು. ಮಂಗಳೂರಿನವಳು. ಇಲ್ಲಿಂದ ಆಡಿದ ಮಾತು ಅಲ್ಲಿಗೆ ಹೋಗಿ ಉತ್ತರ ಬರಲು ಎರಡೂವರೆ ಸೆಕೆಂಡು ಹಿಡಿಯುತ್ತಿತ್ತು. ಸಾಯಬಣ್ಣ ಅವಳಿಗೆ ಕೈಮುಗಿದ, ಪ್ರತಿನಮಸ್ಕಾರ ಬರುವಷ್ಟರಲ್ಲಿ ಇನ್ನೆರಡು ಸಲ ಮುಗಿದ.

ನಾಗಿಂದ್ರಮ್ಮ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತಳು. ಟೊಪ್ಪಿಗೆ ಇಳಿಯಿತು.

ಮೊದಲ ವಾಕ್ಯ: 'ತನ್ನ ಸರಕಿನ ಬೆಲೆಯನ್ನು ಮಾಲೀಕನೇ ನಿರ್ಧರಿಸಬೇಕು.' ಮುಳ್ಳು ಬಲಕ್ಕೆ ಹೇಗೆ ಹಾರಿತೆಂದರೆ ಗೋಡೆ ತೂತಾಗಬೇಕಿತ್ತು. ಸಾಯಬಣ್ಣ ಚಪ್ಪಾಳೆ ತಟ್ಟಿದ. ಎರಡನೆಯದು: 'ಕೆಲಸಗಾರರಿಗೆ ಸಂಘ ಕಟ್ಟುವ ಹಕ್ಕಿದೆ.' ಮುಳ್ಳು ಅಷ್ಟೇ ವೇಗದಲ್ಲಿ ಹಿಂದಕ್ಕೆ ಬಂತು. 'ಸರ್ಕಾರ ವ್ಯಾಪಾರಕ್ಕೆ ಅಡ್ಡ ಬರಬಾರದು.' ಬಲಕ್ಕೆ. 'ಹೆಣ್ಣುಮಗಳು ತಾನು ಮೆಚ್ಚಿದವರನ್ನು ಮದುವೆಯಾಗಬಹುದು.' ಎಡಕ್ಕೆ. 'ಲಾಭ ಮಾಡುವುದು ತಪ್ಪಲ್ಲ.' ಬಲಕ್ಕೆ. 'ಆಳುವವರ ವಿರುದ್ಧ ಯಾರು ಬೇಕಾದರೂ ಮಾತಾಡಬಹುದು.' ಎಡಕ್ಕೆ. ಐವತ್ತು ವಾಕ್ಯ ಮುಗಿಯುವ ಹೊತ್ತಿಗೆ ಮುಳ್ಳು ಸುಸ್ತಾಗಿ, ಒಮ್ಮೆ ನಡುಗಿ, ಬರೋಬ್ಬರಿ ಸೊನ್ನೆಯ ಮೇಲೆ ಮೊಳೆ ಹೊಡೆದಂತೆ ನಿಂತುಬಿಟ್ಟಿತು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಸೊನ್ನೆ," ಎಂದರು ಬೇಸರದಿಂದ. "ಯಂತ್ರದ ಪ್ರಕಾರ ಇವರಿಗೆ ಯಾವ ವಿಷಯದಾಗೂ ಆಸಕ್ತಿ ಇಲ್ಲ. ನಿರ್ಲಿಪ್ತರು. ನಿಯಮದಂತೆ ಅನರ್ಹರು."

"ಯಾರಿಗಿ ಆಸಕ್ತಿ ಇಲ್ಲ?" ನಾಗಿಂದ್ರಮ್ಮ ಟೊಪ್ಪಿಗೆಯ ಕೆಳಗಿನಿಂದಲೇ ಗುಡುಗಿದಳು. "ನನಗಾ?"

ಸಾಯಬಣ್ಣನ ಕಣ್ಣೆದುರು ಮೂವತ್ತೊಂದು ಒಲೆಗಳು ಒಂದೊಂದಾಗಿ ಆರಿದವು. ಅವನು ಎದ್ದುನಿಂತ. ಇಂಥ ಹೊತ್ತಿಗೇ ಅಲ್ಲವೇ ದೇವರು ಅವನಿಗೆ ನಾಲಿಗೆ ಕೊಟ್ಟದ್ದು?

"ತಡೀರಿ ಸಾಹೇಬ್ರ! ನಿಮ್ಮ ಮಷೀನ್ ಹೆದರಿ ನಿಂತದ. ಇಂಥಾ ವ್ಯಾಪಾರಸ್ಥಳನ್ನ ಅದು ಜನ್ಮದಾಗ ಕಂಡಿಲ್ಲ. ನಮ್ಮ ಅಮ್ಮಾವ್ರ ಎದಿಯೊಳಗ ಹಕ್ಕು ಗಿಕ್ಕು ಏನೂ ಇಲ್ಲ, ಬರೇ ವ್ಯಾಪಾರ! ಹೋದ ವರ್ಷದ್ದ ಹೇಳ್ತೀನಿ ಕೇಳ್ರಿ. ನಮ್ಮಲ್ಲಿ ಜಗದೇವಿ ಅಂತ ಒಬ್ಬಾಕಿ ಇದ್ದಳು. ಬ್ಯಾರೆ ಜಾತಿ ಹುಡುಗನ್ನ ಮದಿವ್ಯಾದಳು. ಅಂಗಡಿಯವ್ರು ಆಕೀ ಕೈಯಾನ ರೊಟ್ಟಿ ಒಲ್ಲೆವು ಅಂದ್ರು. ನಮ್ಮ ಅಮ್ಮಾವ್ರು ಏನ್ ಮಾಡಿದ್ರು? ಮಧ್ಯಾಹ್ನ ಮೂರಕ್ಕ ಆಕೀನ ಕರದು ಪತ್ರ ಕೈಯಾಗಿಟ್ಟರು. ಎರಡ ಸಾಲು. 'ನಾಳಿಯಿಂದ ಬರುವುದು ಬೇಡ. ಇದು ವ್ಯಾಪಾರದ ಹಿತಕ್ಕಾಗಿ.' ಮುಗೀತು! ಇದಕ್ಕಿಂತ ಬಲಕ್ಕ ಹೋಗಬೇಕಂದ್ರ ಗ್ವಾಡಿ ಒಡೀಬೇಕು!"

ನಾಗಿಂದ್ರಮ್ಮ ನಿಧಾನವಾಗಿ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಮಾರುಕಟ್ಟೆಯ ಈ ತುದಿಯಿಂದ ಆ ತುದಿಗೆ ಕೇಳುವ ದನಿಯಲ್ಲಿ ಕೂಗಿದಳು:

"ಜಗದೇವೀ! ಗಾಡಿ ಬಿಟ್ಟು ಒಳಗ ಬಾ!"

ಜಗದೇವಿ ಕೀಲಿಗೊಂಚಲು ತಿರುಗಿಸುತ್ತ ಬಂದು ಬಾಗಿಲಲ್ಲಿ ನಿಂತಳು. "ಏನ್ರಿ ಅಮ್ಮಾ?"

"ನಿನ್ನ ಕೆಲಸದಿಂದ ತೆಗದು ಒಂದ್ ವರ್ಷ ಆತಂತ. ಸಾಯಬಣ್ಣ ಹೇಳ್ಲತ್ತಾನ. ನಿನಗ ಗೊತ್ತಿತ್ತೇನು?"

ಹುಡುಗಿ ಸಾಯಬಣ್ಣನ ಮುಖ ನೋಡಿದಳು. ಸಾಯಬಣ್ಣ ತನ್ನ ಕೋಟಿನ ಗುಂಡಿ ನೋಡಿದ.

"ಹೇಳು," ಎಂದಳು ನಾಗಿಂದ್ರಮ್ಮ. ದನಿ ಏರಿರಲಿಲ್ಲ, ಅದೇ ಭಯಂಕರ. "ಖರೇ ಏನದ ಅದನ್ನ ಹೇಳು. ಇಲ್ಲಂದ್ರ ನಾ ಹೇಳ್ತೀನಿ. ನಾ ಹೇಳಿದ್ರ ನಿನಗ ಭಾಳ ನಾಚಿಕಿ ಆಗ್ತದ."

ಸಾಯಬಣ್ಣ ಹೇಳಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನ ವಾಕ್ಯಗಳು ಚಿಕ್ಕವಾಗಿದ್ದವು. ಜಗದೇವಿ ಮಾಪಣ್ಣನನ್ನು ಮದುವೆಯಾದದ್ದು ನಿಜ. ಅಂಗಡಿಯವರು ಸರಕು ತಿರುಗಿಸಿ ಕಳಿಸಿದ್ದು ನಿಜ. ನಾಗಿಂದ್ರಮ್ಮ ಅವಳನ್ನು ತೆಗೆಯಲಿಲ್ಲ. ಟೆಂಪೋ ಕಲಿಸಿದಳು. ಅವಳ ಕೈಯ ರೊಟ್ಟಿ ಬೇಡ ಎಂದ ಅಂಗಡಿಗಳಿಗೇ ಅವಳ ಕೈಯಿಂದಲೇ ಸರಕು ಕಳಿಸಿದಳು. ಎಂಬತ್ತು ಅಂಗಡಿಯಲ್ಲಿ ಮೂವತ್ತು ಬಿಟ್ಟುಹೋದವು. ಹನ್ನೊಂದು ಮರಳಿ ಬಂದವು. ಉಳಿದವು ಬರಲಿಲ್ಲ, ಬರುವ ಹಾಗೂ ಕಾಣುವುದಿಲ್ಲ. ಅರ್ಜಿಯಲ್ಲಿ ಬರೆದದ್ದು ಸುಳ್ಳು. ಪರಾತ ಬೋರಲು ಹಾಕಿದರೆ ಕಾರ್ಖಾನೆ ನಿಲ್ಲುತ್ತದೆ. ಹೋದ ವರ್ಷ ಐದು ಸಲ ನಿಂತಿದೆ.

"ಒಂದ್ ಸಲ ಜೋಳದಾಗ ಕಾಡಿಗಿ ರೋಗ ಇತ್ತಂತ," ಎಂದ. "ನಮ್ಮಲ್ಲಿ ರೊಟ್ಟಿ ಬಡಿಯೋ ಹಲೀಮಾಬಿ ವಾಸನಿ ಹಿಡದು ಪರಾತ ಬಡದ್ಲು. ಇನ್ನೊಂದ ಸಲ ಪಂಖಾ ತಿರಗಲಿಲ್ಲಂತ. ಉಳದ ಮೂರು ಸಲ..." ಅವನು ತಡವರಿಸಿದ. "ಉಳದ ಮೂರು ಸಲ ನಾ ಅಂಗಡಿಯವ್ರಿಗೆ ಹೇಳಿದ್ದ ಸುಳ್ಳಿನ ಮ್ಯಾಲ."

ಡಾಕ್ಟರು ಅರ್ಜಿಯನ್ನೂ ಫಲಕವನ್ನೂ ನೋಡಿದರು. ಕೋಪ ಬರಬೇಕಾದ ಜಾಗದಲ್ಲಿ ಅವರಿಗೆ ಬೇರೇನೋ ಬಂದಿತ್ತು. "ಇಷ್ಟೆಲ್ಲ ಕಳ್ಕೊಂಡವ್ರಿಗೆ ಆಸಕ್ತಿ ಇಲ್ಲ ಅಂತ ನನ್ನ ಯಂತ್ರ ಹ್ಯಾಂಗ ಹೇಳ್ತು?" ಎಂದು ತಮ್ಮನ್ನೇ ಕೇಳಿಕೊಂಡರು.

"ನಿಮ್ಮ ಮಷೀನ್ ಯಾರ್ಯಾರನ್ನ ನೋಡಿ ಕಲ್ತದ?" ನಾಗಿಂದ್ರಮ್ಮ ಕೇಳಿದಳು. ಜೋಳದ ಚೀಲಕ್ಕೆ ಕೈಹಾಕಿ ತಳದ ಕಾಳು ತೆಗೆದು ನೋಡುವಾಗಿನ ದನಿ ಅದು.

"ನಾನೂರು ಮಂದಿ. ಇನ್ನೂರು ವ್ಯಾಪಾರಸ್ಥರು, ಇನ್ನೂರು ಹಕ್ಕಿನ ಹೋರಾಟಗಾರರು. ಬಾಗಿಲದಾಗ ಕೇಳ್ತಿದ್ವಿ, ನೀವು ಯಾವ ಕಡೆಯವ್ರು ಅಂತ."

"ಎರಡೂ ಅಂದೋರು?"

"ಅವ್ರಿಗೆ... ಚಹಾ ಕುಡಿಸಿ, ಮನಸ್ಸು ಗಟ್ಟಿ ಮಾಡ್ಕೊಂಡು ಬರ್ರಿ ಅಂತ ಮನೀಗಿ ಕಳಿಸಿದ್ವಿ."

"ಎಷ್ಟ ಮಂದಿಗಿ ಚಹಾ ಕುಡ್ಸಿದ್ರಿ?"

ಡಾಕ್ಟರು ಮತ್ತೊಮ್ಮೆ ಕನ್ನಡಕ ಒರೆಸಿಕೊಂಡರು. "ಒಂಬೈನೂರು ಕಪ್ಪು," ಎಂದರು ಕೊನೆಗೆ, ನೆಲ ನೋಡುತ್ತ.

ಸಾಯಬಣ್ಣನಿಗೆ ಅಸೂಯೆಯಾಯಿತು. ಇಷ್ಟು ದೊಡ್ಡ ಸಂಖ್ಯೆ, ಅದೂ ನಿಜದ್ದು, ಬೇರೆಯವರ ಬಾಯಲ್ಲಿ.

ಮುಂದಿನ ಕೆಲಸಕ್ಕೆ ಹತ್ತೇ ನಿಮಿಷ ಸಾಕಾಯಿತು. ಡಾಕ್ಟರು ಫಲಕದ ಹಿಂದೆ ಹೋಗಿ, ಎರಡು ಕಡೆಯ ಎಳೆತಗಳನ್ನು ಕೂಡಿಸಿ ಕಳೆದು ಒಂದೇ ಮುಳ್ಳಿಗೆ ಕೊಡುತ್ತಿದ್ದ ತಂತಿಯನ್ನು ಬಿಡಿಸಿ, ಪ್ರತಿಯೊಂದಕ್ಕೂ ಬೇರೆ ಮುಳ್ಳು ಕೂಡಿಸಿದರು. ನಾಗಿಂದ್ರಮ್ಮ ಮತ್ತೆ ಕೂತಳು. ಅದೇ ಐವತ್ತು ವಾಕ್ಯ. ಈ ಸಲ ವ್ಯಾಪಾರದ ಮುಳ್ಳು ನಿಯಮದ ಆರನ್ನು ದಾಟಿ ಒಂಬತ್ತೂವರೆಗೆ ಹೋಗಿ ನಿಂತಿತು, ಹಕ್ಕಿನ ಮುಳ್ಳು ಒಂಬತ್ತೂವರೆಗೆ ಹೋಗಿ ನಿಂತಿತು. ಸೊನ್ನೆಯ ಜಾಗ ಖಾಲಿ.

"ಇವೆರಡೂ ಒಂದಕ್ಕೊಂದು ವಿರುದ್ಧ ಅಂತಿದ್ದೆ ನಾ," ಎಂದರು ಡಾಕ್ಟರು, ಮಗುವಿನ ಹಾಗೆ. "ನನ್ನ ಇಡೀ ಪುಸ್ತಕ ಅದರ ಮ್ಯಾಲ ನಿಂತದ."

"ರೊಟ್ಟಿ ಬಡಿಯೋವಾಗ ಒಂದ್ ಕೈ ಬಡೀತದ, ಒಂದ್ ಕೈ ತಿರಗಸ್ತದ," ಎಂದಳು ನಾಗಿಂದ್ರಮ್ಮ. "ಎರಡೂ ಒಂದ ಕೆಲಸ ಅಲ್ರಿ. ಹಂಗಂತ ದಿನಾ ಜಗಳಾನೂ ಆಡಂಗಿಲ್ಲ. ಒಮ್ಮೊಮ್ಮಿ ಆಡ್ತಾವ. ಹತ್ತೊಂಬತ್ತು ಅಂಗಡಿ ಹೋಗ್ಯಾವಲ್ಲ, ಅದು ಜಗಳನ. ಆವಾಗ ಯಾವ ಕೈ ಬಿಡಬೇಕು ಅಂತ ಮಷೀನ್ ಹೇಳಂಗಿಲ್ಲ. ನಾವ ಹೇಳ್ಬೇಕು."

ಅಷ್ಟು ಹೊತ್ತು ಸುಮ್ಮನಿದ್ದ ಚಂದ್ರ ಆಗ ಮಾತಾಡಿತು.

"ಒಂದು ವಿಷಯ ಹೇಳ್ತೇನೆ," ಎಂದಳು ಪರದೆಯ ಮೇಲಿನ ಲವೀನಾ ಪಿಂಟೊ. "ಆ ಬ್ರೆಡ್ಡಿನ ಕಂಪನಿಯಲ್ಲಿ ಕೆಲಸಗಾರರು ಸುಮ್ಮನೆ ಕೆಲಸ ನಿಲ್ಲಿಸಿದ್ದಲ್ಲ ಮಾರಾಯ್ರೆ. ಬ್ರೆಡ್ಡಿಗೆ ಬೂಷ್ಟು ಬಂದಿದೆ ಅಂತ ಪ್ಯಾಕಿಂಗಿನ ಹೆಂಗಸರು ಎರಡು ತಿಂಗಳು ಹೇಳಿದ್ರು. ಯಾರೂ ಕೇಳ್ಲಿಲ್ಲ, ನಿಲ್ಲಿಸ್ಲಿಕ್ಕೂ ಬಿಡ್ಲಿಲ್ಲ. ಕಡೆಗೆ ಅವರೇ ಎಲ್ಲ ಬಿಟ್ಟು ಎದ್ದು ಹೋದ್ರು. ಆ ಬ್ರೆಡ್ಡು ತಿಂದು ಹಾಸಿಗೆ ಹಿಡಿದವಳು ನಾನು. ನಂಗೆ ಆ ಪರಾತ ಇರುವ ಕಾರ್ಖಾನೆಯ ರೊಟ್ಟಿಯೇ ಬೇಕು. ಆದರೆ ಅಮ್ಮಾ, ಇನ್ನೊಮ್ಮೆ ನಲವತ್ತೊಂದು ದಿನ ಪಾಚಿ ಕುಡೀಲಿಕ್ಕೆ ನನ್ನಿಂದ ಆಗುದಿಲ್ಲ. ನಿಮ್ಮ ಒಲೆ ನಿಂತ್ರೆ ನಾವೆಂತ ತಿನ್ನುದು?"

ಸಾಯಬಣ್ಣ ಬಾಯಿ ತೆರೆದ. ನಾಗಿಂದ್ರಮ್ಮ ಅವನ ಕಡೆ ನೋಡಿದಳು. ಬಾಯಿ ಮುಚ್ಚಿಕೊಂಡಿತು.

"ನನ್ನ ರೊಟ್ಟಿ ಆರು ತಿಂಗಳು ಇರ್ತದವ್ವ," ಎಂದಳು ನಾಗಿಂದ್ರಮ್ಮ. "ಎರಡು ತಿಂಗಳದ್ದು ಮುಂಚೇನ ಕಳಿಸ್ತೀನಿ. ನಿನ್ನ ಉಗ್ರಾಣದಾಗ ಇಟ್ಕೋ. ಇಲ್ಲಿ ಪರಾತ ಬಿದ್ರ ನೀ ಅಲ್ಲಿ ಕೂತು ತಿಂತಾ ಇರು. ಎರಡು ತಿಂಗಳಿಗಿಂತ ಉದ್ದ ಜಗಳ ನಮ್ಮಲ್ಲಿ ಯಾರೂ ಆಡಂಗಿಲ್ಲ, ಬಾಯಿ ನೋಯ್ತದ."

ಎರಡೂವರೆ ಸೆಕೆಂಡು. ಪರದೆಯ ಮೇಲಿನ ಮುಖ ನಕ್ಕಿತು.

"ಮತ್ತ ಒಂದ್ ಮಾತು," ನಾಗಿಂದ್ರಮ್ಮ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. "ಮುಂಚೆ ಕಳಿಸೋ ಸರಕಿಗಿ ಬೆಲಿ ಬ್ಯಾರೆ."

ಒಪ್ಪಂದ ಆರು ತಿಂಗಳಿಗೆ ಎಂದಾಯಿತು. ಅರ್ಜಿಯನ್ನು ಮಾತ್ರ ಹೊಸದಾಗಿ, ಸುಳ್ಳಿಲ್ಲದೆ ತುಂಬಿ, ಅದೇ ದಿನ ಕೊಡಬೇಕು. ಅದನ್ನು ಜಗದೇವಿ ತುಂಬಿದಳು, ಸಾಯಬಣ್ಣನ ಕೈಗೆ ಪೆನ್ನು ಕೊಡಲು ಡಾಕ್ಟರು ಒಪ್ಪಲಿಲ್ಲ. ಅರವತ್ತೆರಡು ಒಲೆಗಳೂ ಉಳಿದವು. ಒಳಗೆ ನಾಗಿಂದ್ರಮ್ಮ ಚಂದ್ರನ ಜೊತೆ ಚೌಕಾಸಿ ಮುಂದುವರಿಸಿದ್ದಳು. ಪ್ರತಿ ಮಾತಿಗೂ ಎರಡೂವರೆ ಸೆಕೆಂಡು ಯೋಚಿಸಲು ಸಿಗುವ ಚೌಕಾಸಿ ಅವಳ ಜೀವನದಲ್ಲಿ ಇದೇ ಮೊದಲು. ಅವಳ ಮುಖ ಮದುಮಗಳ ಮುಖದಂತೆ ಹೊಳೆಯುತ್ತಿತ್ತು. ಸಾಯಬಣ್ಣ ಅವಳನ್ನು ಬಾಗಿಲ ಸಂದಿಯಿಂದ ನೋಡಿದ. ಇಂಥವಳನ್ನು ಹೊಗಳಲು ತಾನು ಇಷ್ಟು ವರ್ಷ ಸುಳ್ಳು ಹುಡುಕಿದೆನಲ್ಲ ಎನ್ನಿಸಿ ಹೊರಗೆ ಬಂದ.

ಜಗದೇವಿ ಟೆಂಪೋದ ಬಾನೆಟ್ಟಿಗೆ ಒರಗಿ ಶೇಂಗಾ ತಿನ್ನುತ್ತಿದ್ದಳು. ಒಂದು ಹಿಡಿ ಅವನ ಮುಂದೆಯೂ ಹಿಡಿದಳು.

"ಕಾಕಾ, ಒಂದ್ ಮಾತ್ ಕೇಳ್ಲಾ?"

"ಕೇಳವ್ವ. ಸಾವಿರ ಕೇಳು."

"ನೀವು ಸುಳ್ಳ ಹೇಳಿದ್ರ ಯಾವತ್ತೂ ಕೋಟಿ, ಲಕ್ಷ, ಆಕಾಶ, ಪಾತಾಳ. ಇವತ್ತ ಒಳಗ ಹೇಳಿದ್ದು ಮಾತ್ರ ಹಂಗಿರಲಿಲ್ಲ. ಕಿಟಕಿ ಹೊರಗ ಡ್ರೈವರ್ ಸೀಟಿನ್ಯಾಗ ಎಲ್ಲಾ ಕೇಳಸ್ತು. ಮಧ್ಯಾಹ್ನ ಮೂರು ಗಂಟಿ. ಪತ್ರ. ಎರಡ ಸಾಲು." ಅವಳು ಸಿಪ್ಪೆ ಊದಿದಳು. "ಅಷ್ಟ್ ಸಣ್ಣ ಸುಳ್ಳ ನಿಮ್ಮ ಬಾಯಾಗ ಹುಟ್ಟಂಗಿಲ್ಲ. ಯಾವ ಪತ್ರ ಕಾಕಾ ಅದು?"

ಸಾಯಬಣ್ಣ ಶೇಂಗಾವನ್ನು ಬಾಯಿಗೆ ಹಾಕಿಕೊಳ್ಳದೆ ಅಂಗೈಯಲ್ಲೇ ಹಿಡಿದುಕೊಂಡ. ನಗುವೊಂದನ್ನು ಹುಡುಕಿದ. ಸಿಗಲಿಲ್ಲ.

"ನಾ ಬರ್ದಿದ್ದೆ," ಎಂದ. "ಅಂಗಡಿಯವ್ರು ಸರಕು ವಾಪಸ್ ಕಳಿಸ್ದಾಗ. ನಾನ ಬರ್ದು, ಅಮ್ಮಾವ್ರ ಸಹಿಗೆ ಜಾಗ ಬಿಟ್ಟು, ಮಧ್ಯಾಹ್ನ ಮೂರಕ್ಕ ತಗೊಂಡು ಹೋದೆ. ಒಂದ್ ಹುಡುಗಿ ಹೋದ್ರ ಅರವತ್ತೊಂದು ಮಂದಿ ಉಳೀತಾರ ಅಂದೆ."

"ಅಮ್ಮಾ ಏನಂದ್ರು?"

"ಓದಿದ್ರು. ಏನೂ ಅನ್ನಲಿಲ್ಲ. ಸಹಿ ಮಾಡ್ಲಿಲ್ಲ. ನನಗ ತಿರಗಿ ಕೊಟ್ರು. 'ನೀನ ಹೋಗಿ ಆಕಿ ಕೈಯಾಗ ಕೊಡು, ನಿನಗ ಧೈರ್ಯ ಇದ್ರ' ಅಂದ್ರು."

"ನೀವು ಕೊಡ್ಲಿಲ್ಲ."

"ಧೈರ್ಯ ಇರ್ಲಿಲ್ಲವ್ವ. ಒಳ್ಳೇತನ ಅಲ್ಲ ಅದು. ಬರೇ ಧೈರ್ಯ ಇರ್ಲಿಲ್ಲ. ಕಿಸೆದಾಗ ಇಟ್ಕೊಂಡು ತಿರಗಿದೆ. ನೀ ಏಳನೇ ಒಲಿಗಿ ಕೂತು ಬಡೀತಿದ್ದಿ, ನಾ ಬಾಗಲತನಕ ಬರ್ತಿದ್ದೆ, ಮತ್ತ ಹೊಳ್ಳಿ ಹೋಗ್ತಿದ್ದೆ. ಆಮ್ಯಾಲ ಹರದು ನಮ್ಮನಿ ಕಟ್ಟಿಗಿ ಒಲ್ಯಾಗ ಹಾಕ್ದೆ."

ಜಗದೇವಿ ಅವನನ್ನೇ ನೋಡುತ್ತಿದ್ದಳು.

"ಎಷ್ಟ ದಿನ ಇಟ್ಕೊಂಡಿದ್ರಿ?"

"ಒಂದ... ಒಂದ ಕ್ಷಣ, ಜಗದೇವಿ! ಕಣ್ಣ ಮುಚ್ಚಿ ತೆರೆಯೋದ್ರಾಗ..."

ಅವಳು ಇನ್ನೊಂದು ಶೇಂಗಾ ಸುಲಿದಳು. ಕಾಯ್ದಳು.

"ಹದಿನೇಳು ದಿನ," ಎಂದ ಸಾಯಬಣ್ಣ.